ಪೇಜ್ ಒನ್, ಪೇಜ್ ಟೂ, ಚಪ್ಪಾಳೆ

ಕಳೆದ ವಾರ ತವರಿಗೆ ಹೋಗಿದ್ದೆ. ಮಹಾರಾಷ್ಟ್ರದ ಗಡಿಯ ಗಡಹಿಂಗ್ಲಜ್ ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದು ಊರ ಓಣಿಯಲ್ಲಿ ಇಳಿದವಳಿಗೆ ಮೊದಲು ಕಂಡದ್ದು ನಮ್ಮ ಹಿತ್ತಲಿನ ಕಣಕಿ ಬಣವಿ. ಅದರ ಮೇಲೆ ನನ್ನ ತಮ್ಮನ ಮಗಳು ತ್ರಿಶಲಾಳ ಮುಖ!

(ಕಣಕಿ ಗೊತ್ತಲ್ಲ? ಜೋಳದ ದಂಟು. ಎಮ್ಮೆಗಳ ವರ್ಷದ ಊಟ.)

ಬಣವಿಯಷ್ಟೇ ಅಗಲವಾದ ಮುಖ. ತಲೆಗೆ ಕೇಸರಿ ಫೇಟಾ, ಕಣ್ಣಿಗೆ ಕಪ್ಪು ಕನ್ನಡಕ, ಕೈಯಲ್ಲೊಂದು ಟ್ಯಾಬ್. ಪಕ್ಕದಲ್ಲಿ ಅವಳಿಗಿಂತ ದೊಡ್ಡದಾಗಿ ಕಾಲೇಜಿನ ಸಂಸ್ಥೆಯ ಅಧ್ಯಕ್ಷರು ಕೈ ಮುಗಿದು ನಗುತ್ತಿದ್ದಾರೆ. ಕೆಳಗೆ ಮರಾಠಿಯ ದಪ್ಪಕ್ಷರದಲ್ಲಿ ‘ಎಲ್ಲರಿಗೂ ಡಿಜಿಟಲ್ ಶಿಕ್ಷಣ’. ಮಳೆಗೆ ಕಣಕಿ ನೆನೆಯಬಾರದೆಂದು ಮೂಲೆಗಳಿಗೆ ಕಲ್ಲು ಕಟ್ಟಿ, ಎಳೆದು ಹೊದಿಸಿದ್ದರು. ಅಧ್ಯಕ್ಷರ ಹಣೆಯ ಮೇಲೆ ಕಾಗೆಯೊಂದು ಕೂತಿತ್ತು.

ನಗು ಬಂತೇ? ನನಗೂ ಬಂತು, ಸುಳ್ಳು ಯಾಕೆ ಹೇಳಲಿ. ಒಳಗೆ ಹೋಗಿ ತ್ರಿಶಲಾಳನ್ನು ನೋಡುವ ತನಕ ಅದು ಇತ್ತು.

ಕೊಲ್ಹಾಪುರದ ಕಡೆ ಬಂದು ಹೋದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ. ನಮ್ಮಲ್ಲಿ ಫ್ಲೆಕ್ಸ್ ಇಲ್ಲದೆ ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಮಗು ಹುಟ್ಟಿದರೆ ಫ್ಲೆಕ್ಸ್. ಹುಡುಗ ಪೊಲೀಸ್ ಭರ್ತಿ ಆದರೆ ಫ್ಲೆಕ್ಸ್. ಓಟದ ಶರ್ಯತ್ತಿನಲ್ಲಿ ಎತ್ತು ಗೆದ್ದರೆ ಎತ್ತಿಗೊಂದು, ಎತ್ತಿನ ಮಾಲೀಕನಿಗೊಂದು. ಸತ್ತರೂ ನಾಲ್ಕು ರಸ್ತೆ ಕೂಡುವಲ್ಲಿ ಹಾರ ಹಾಕಿಸಿಕೊಂಡು ನಿಲ್ಲಬೇಕು. ಹಬ್ಬ ಮುಗಿದ ಮೇಲೆ ಅದೇ ಫ್ಲೆಕ್ಸು ಯಾರದೋ ಕೊಟ್ಟಿಗೆಯ ಮಾಡು ಆಗುತ್ತದೆ, ಯಾರದೋ ಶೇಂಗಾ ಒಣಗಿಸುವ ಹಾಸು ಆಗುತ್ತದೆ. ನೀರು ಇಳಿಯುವುದಿಲ್ಲ, ಬಿಸಿಲಿಗೆ ಬಗ್ಗುವುದಿಲ್ಲ. ಮುಂದಾಳುಗಳ ಮುಖಗಳು ಜನರಿಗೆ ನಿಜವಾಗಿ ಉಪಯೋಗಕ್ಕೆ ಬರುವುದು ಆಮೇಲೆಯೇ.

ಆದರೆ ಈ ಫ್ಲೆಕ್ಸಿನಲ್ಲಿ ನಮ್ಮ ಹುಡುಗಿ ಇದ್ದಳು. ಅದನ್ನು ಬಣವಿಗೆ ಹೊದಿಸಿದ್ದು ಅವಳ ಅಪ್ಪ. ಅದು ಹೇಗೆ ಅಲ್ಲಿಗೆ ಏರಿತು ಅನ್ನುವುದೇ ಈ ವಾರದ ಕತೆ.

ತ್ರಿಶಲಾಳಿಗೆ ಹುಟ್ಟುತ್ತ ಕಣ್ಣಿತ್ತು. ಹೈಸ್ಕೂಲಿಗೆ ಬರುವ ಹೊತ್ತಿಗೆ ಸಂಜೆಯಾದರೆ ಬಾಗಿಲಿಗೆ ಡಿಕ್ಕಿ ಹೊಡೆಯತೊಡಗಿದಳು. ಕೊಲ್ಹಾಪುರದಲ್ಲಿ ನಮ್ಮ ಮನೆಯಲ್ಲೇ ಇಟ್ಟುಕೊಂಡು ಡಾಕ್ಟರುಗಳಿಗೆ ತೋರಿಸಿದೆವು. ಕಣ್ಣಿನ ಒಳಪರದೆ ಸವೆಯುತ್ತಿದೆ, ಔಷಧಿ ಇಲ್ಲ ಅಂದರು. ಹತ್ತನೆಯ ಪರೀಕ್ಷೆಯನ್ನು ದಪ್ಪಕ್ಷರದ ಪ್ರಶ್ನೆಪತ್ರಿಕೆ ಹಿಡಿದು ಬರೆದಳು. ಹನ್ನೆರಡನೆಯದನ್ನು ಪಕ್ಕದಲ್ಲಿ ಬರೆಯುವವರನ್ನು ಕೂಡಿಸಿಕೊಂಡು, ಬಾಯಿಂದ ಹೇಳಿ ಬರೆಸಿದಳು. ಈಗ ಅವಳಿಗೆ ಕಾಣುವುದು ಬೆಳಕಿದೆಯೋ ಇಲ್ಲವೋ ಅನ್ನುವಷ್ಟು ಮಾತ್ರ.

ಕಣ್ಣು ಹೋದರೂ ಹುಡುಗಿ ಕೈಕಟ್ಟಿ ಕೂಡಲಿಲ್ಲ. ಕೊಲ್ಹಾಪುರದಲ್ಲೊಂದು ಶಿಬಿರಕ್ಕೆ ಹೋಗಿ ಮಾತಾಡುವ ಫೋನ್ ಬಳಸುವುದನ್ನು ಕಲಿತಳು. ಪರದೆಯ ಮೇಲೆ ಬೆರಳು ಆಡಿಸಿದರೆ ಅಲ್ಲಿರುವ ಅಕ್ಷರವನ್ನು ಫೋನ್ ಓದಿ ಹೇಳುತ್ತದೆ. ಅವಳು ಅದನ್ನು ಎಷ್ಟು ಸ್ಪೀಡ್ ಇಟ್ಟುಕೊಳ್ಳುತ್ತಾಳೆಂದರೆ ನಮಗೆ ಕೇಳುವುದು ಬರೀ ಚಿಟಿಚಿಟಿ. ಅವಳು ಆರಾಮಾಗಿ ಕೇಳಿಸಿಕೊಂಡು, ಅಪ್ಪನಿಗೆ ಸೋಯಾಬೀನ್ ದರವನ್ನೂ ಹೇಳುತ್ತಿದ್ದಳು, ನನಗೆ ನನ್ನದೇ ಅಂಕಣದ ತಪ್ಪುಗಳನ್ನೂ ಹೇಳುತ್ತಿದ್ದಳು.

ಬಿ.ಎ.ಗೆ ಸೇರಿದಳು. ಶಿಕ್ಷಕಿ ಆಗಬೇಕೆಂಬ ಆಸೆ. ನನ್ನ ತಮ್ಮ ಭರತೇಶ ಕೆಟ್ಟ ಅಪ್ಪನಲ್ಲ. ಆದರೆ ಅಂಜುವ ಅಪ್ಪ. ಮಗಳನ್ನು ದಿನಾ ಬೈಕಿನಲ್ಲಿ ಬಿಟ್ಟು, ಕರೆದುಕೊಂಡು ಬರುತ್ತಿದ್ದ. ಎರಡನೇ ವರ್ಷಕ್ಕೆ ಕಳಿಸುವಾಗ ಒಂದು ಕರಾರು ಹಾಕಿದ. ಪಾಸಾದರೆ ಮುಂದೆ, ಇಲ್ಲವಾದರೆ ಮನೆ. ಎರಡು ಮಾತಿಲ್ಲ. ತ್ರಿಶಲಾ ಒಪ್ಪಿಕೊಂಡಳು. ಒಪ್ಪದೆ ಏನು ಮಾಡಿಯಾಳು?

ಒಪ್ಪುವಾಗ ಅವಳಿಗೆ ಧೈರ್ಯವಿತ್ತು, ಯಾಕೆಂದರೆ ಆಗ ಶಬಾನಾ ಇದ್ದಳು. ಶಬಾನಾ ಅವಳ ಕ್ಲಾಸಿನ ಹುಡುಗಿ. ಕಾಲೇಜಿನ ಲೈಬ್ರರಿಯಲ್ಲಿ ದಿನಕ್ಕೊಂದು ತಾಸು ‘ವಾಚನ ತಾಸು’ ಎಂದು ಟೈಮ್‌ಟೇಬಲಿನಲ್ಲೇ ಬರೆದಿದ್ದರು. ಆ ತಾಸಿನಲ್ಲಿ ಶಬಾನಾ ಪುಸ್ತಕ ಓದಬೇಕು, ತ್ರಿಶಲಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು. ಅದಕ್ಕೆ ಶಬಾನಾಳಿಗೆ ಹಾಜರಿ ಸಿಗುತ್ತಿತ್ತು. ಮೊದಲ ವರ್ಷ ತ್ರಿಶಲಾ ಪಾಸಾದದ್ದೇ ಈ ತಾಸಿನ ಮೇಲೆ. ಯಾರೂ ಇದಕ್ಕೆ ಫ್ಲೆಕ್ಸ್ ಹಾಕಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಸಾಹೇಬರ ವಾಢದಿವಸ ಬಂತು.

ವಾಢದಿವಸ ಎಂದರೆ ಹುಟ್ಟುಹಬ್ಬ. ಆದರೆ ನಮ್ಮ ಕಡೆ ಸಂಸ್ಥೆಯ ಅಧ್ಯಕ್ಷರು ಸುಮ್ಮನೆ ಹುಟ್ಟಿದರೆ ನಡೆಯುವುದಿಲ್ಲ, ಹುಟ್ಟಿದ ದಿನ ಏನಾದರೊಂದು ಉದ್ಘಾಟನೆ ಆಗಬೇಕು. ಒಂದು ವರ್ಷ ರಕ್ತದಾನ, ಇನ್ನೊಂದು ವರ್ಷ ಸಸಿ. ಹೋದ ವರ್ಷ ದೀಪಾವಳಿಯ ಮುಂದೆ ಬಂದದ್ದು ಡಿಜಿಟಲ್ ಪಾಠ. ಎಲ್ಲ ವಿದ್ಯಾರ್ಥಿಗಳಿಗೂ, ಅದರಲ್ಲೂ ದಿವ್ಯಾಂಗ ವಿದ್ಯಾರ್ಥಿಗಳಿಗೆ ಅಂತ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಆ ಕಾಲೇಜಿನಲ್ಲಿ ಕಣ್ಣಿಲ್ಲದ ವಿದ್ಯಾರ್ಥಿ ಒಬ್ಬಳೇ. ಹಾಗಾಗಿ ಒಂದು ವಾರ ಮೊದಲೇ ಮನೆಗೆ ಬಂದು ಅವಳ ಫೋಟೋ ತೆಗೆದುಕೊಂಡು ಹೋದರು. ಫೇಟಾ ಅವರೇ ತಂದಿದ್ದರು.

ಕಾರ್ಯಕ್ರಮಕ್ಕೆ ಮನೆಮಂದಿಯೆಲ್ಲ ಹೋಗಿದ್ದೆವು. ಭರತೇಶ ಹೊಸ ಅಂಗಿ ಹಾಕಿದ್ದ. ಸ್ಟ್ಯಾಂಡಿನ ಎದುರು ಮಗಳ ಮುಖ ಕಂಡಾಗ ಬೈಕ್ ನಿಲ್ಲಿಸಿ ಸುಮಾರು ಹೊತ್ತು ನೋಡಿದ. ಅವನ ಹೆಂಡತಿ ಕುಸುಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭಾಷಣಗಳಾದವು. ಶಾಲು, ಶ್ರೀಫಲ, ಹಾರ. ತ್ರಿಶಲಾಳ ತಲೆಗೆ ಮತ್ತೆ ಫೇಟಾ ಸುತ್ತಿದರು. ಸಾಹೇಬರು ಟ್ಯಾಬನ್ನು ಅವಳ ಕೈಗಿಟ್ಟು, ಓದಿಸು ಮಗಳೇ ಅಂದರು. ಯಾರೋ ಮೈಕನ್ನು ಟ್ಯಾಬಿಗೆ ಹಿಡಿದರು. ತ್ರಿಶಲಾ ಬೆರಳಿಟ್ಟಳು.

‘ಪೇಜ್ ಒನ್,’ ಅಂತು ಟ್ಯಾಬ್.

ಸಭಾಗೃಹ ಚಪ್ಪಾಳೆಯಿಂದ ತುಂಬಿತು. ತ್ರಿಶಲಾ ಮುಂದೇನೋ ಬರುತ್ತದೆ ಅಂತ ತಲೆ ವಾಲಿಸಿ ಕಾದಳು. ಏನೂ ಬರಲಿಲ್ಲ. ಮತ್ತೆ ಬೆರಳು ಸರಿಸಿದಳು.

‘ಪೇಜ್ ಟೂ.’

ಮತ್ತೆ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಶಿಳ್ಳೆ. ಮೈಕ್ ಆಗಲೇ ಬೇರೆ ಕೈಗೆ ಹೋಗಿತ್ತು. ಸಾಹೇಬರಿಗೆ ಇಚಲಕರಂಜಿಯಲ್ಲಿ ಇನ್ನೊಂದು ಸತ್ಕಾರಕ್ಕೆ ಹೊತ್ತಾಗಿತ್ತು.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ. ಅವತ್ತು ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಅವಳ ಸುತ್ತ ಕೂತೆವು. ಟ್ಯಾಬ್ ಕಾಲೇಜಿಗೆ ವಾಪಸ್ ಹೋಗಿತ್ತು (ಅದು ಫೋಟೋಗೆ ಮಾತ್ರ). ಪಾಠಗಳು ಅವಳ ಫೋನಿಗೆ ಬಂದಿದ್ದವು. ಅವಳು ಇತಿಹಾಸ ತೆರೆದಳು. ಪೇಜ್ ಒನ್. ಪೇಜ್ ಟೂ. ಪೇಜ್ ತ್ರೀ. ಅರ್ಥಶಾಸ್ತ್ರ ತೆರೆದಳು. ಪೇಜ್ ಒನ್. ಪೇಜ್ ಟೂ. ಒಂದೊಂದಾಗಿ ಕೊನೆಯ ಪುಟದ ತನಕ ಹೋದಳು. ಫೋನ್ ಪುಟಗಳನ್ನು ಎಣಿಸಿತು, ಒಂದು ಸಾಲನ್ನೂ ಓದಲಿಲ್ಲ.

ಭರತೇಶನಿಗೆ ಅರ್ಥವಾಗಲಿಲ್ಲ. ಆವಾಜ್ ಜೋರು ಮಾಡು ಅಂದ. ತ್ರಿಶಲಾ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಮೆತ್ತಗೆ ಹೇಳಿದಳು:

“ಆವಾಜ್ ಐತಿ ಅಪ್ಪಾ. ಒಳಗ ಓದಾಕ ಏನೂ ಇಲ್ಲ.”

ಏನೂ ಇಲ್ಲ ಎಂದರೆ? ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಕಣ್ಣಿದ್ದ ನನಗೆ ಎಲ್ಲ ಇತ್ತು. ಚೆಂದದ ಪುಟಗಳು. ಮೇಲೆ ಸಂಸ್ಥೆಯ ಲಾಂಛನ, ಸುತ್ತ ಹೂಬಳ್ಳಿಯ ಅಂಚು, ನಡುವೆ ಎರಡು ಕಾಲಂ ಮರಾಠಿ ಪಾಠ, ಪಾಠದ ಹಿಂದೆ ತಿಳಿಬಣ್ಣದಲ್ಲಿ ಸಾಹೇಬರ ಮುಖ. ಹೌದು, ಪ್ರತಿ ಪುಟದಲ್ಲೂ. ಆದರೆ ಅದು ಅಕ್ಷರಗಳ ಪುಟವಲ್ಲ, ಅಕ್ಷರಗಳ ಫೋಟೋ. ಹೋಳಿಗೆಯ ಫೋಟೋ ತಿಂದು ಹೊಟ್ಟೆ ತುಂಬುತ್ತದೆಯೇ? ಫೋನಿಗೂ ತುಂಬುವುದಿಲ್ಲ.

ಫೋಟೋದಿಂದ ಅಕ್ಷರ ಹೆಕ್ಕುವ ಆ್ಯಪ್ ಇರುತ್ತದಲ್ಲ ಅಂತ ನೀವು ಕೇಳಬಹುದು. ನನಗೂ ಯಾರೋ ಹೇಳಿದರು, ಹಾಕಿ ನೋಡಿದೆ. ಎರಡು ಕಾಲಮ್ಮುಗಳನ್ನು ಅದು ಅಡ್ಡಡ್ಡ ಓದಿತು. ಈ ಸಾಲಿನ ಅರ್ಧಕ್ಕೆ ಆ ಸಾಲಿನ ಅರ್ಧ. ಸಾಹೇಬರ ಮೀಸೆಯ ಮೇಲೆ ಬಿದ್ದ ಸಾಲುಗಳಂತೂ ಅದಕ್ಕೆ ಕಾಣಲೇ ಇಲ್ಲ. ಒಂದು ಬರಗಾಲ, ಒಂದು ಒಪ್ಪಂದ, ಅರ್ಧ ಯುದ್ಧ ಆ ಮೀಸೆಯಲ್ಲಿ ಮುಳುಗಿಹೋದವು.

ಆಗಲಿ, ಶಬಾನಾ ಇದ್ದಾಳಲ್ಲ ಅಂದುಕೊಂಡೆವು. ರಜೆ ಮುಗಿದು ಹೊಸ ಸೆಮಿಸ್ಟರ್ ಶುರುವಾದಾಗ ಟೈಮ್‌ಟೇಬಲಿನಲ್ಲಿ ವಾಚನ ತಾಸು ಇರಲಿಲ್ಲ. ಡಿಜಿಟಲ್ ಪಾಠ ಬಂದ ಮೇಲೆ ಇನ್ನು ಓದಿ ಹೇಳುವ ಅಗತ್ಯವೇನು? ತೆಗೆದುಹಾಕಿದರು. ಶಬಾನಾಳಿಗೆ ಆ ಹೊತ್ತಿನಲ್ಲಿ ಬೇರೆ ಕ್ಲಾಸ್. ಕ್ಲಾಸ್ ಮುಗಿದರೆ ಅವಳ ಊರಿನ ಬಸ್. ಪಾಪ, ಅವಳು ಕೆಲವು ದಿನ ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ ಓದಿದಳು. ಎಷ್ಟು ದಿನ ಓದಿಯಾಳು?

ಏನನ್ನೂ ಕೊಡದಿದ್ದರೆ ಹುಡುಗಿಗೆ ಇದ್ದದ್ದಾದರೂ ಉಳಿಯುತ್ತಿತ್ತು. ಕೊಟ್ಟೆವು ಅಂತ ಬ್ಯಾನರ್ ಕಟ್ಟಿ, ಇದ್ದದ್ದನ್ನೂ ಕಿತ್ತುಕೊಂಡರು.

ಕುಸುಮ ಓದಲು ಕೂತಳು. ಓದುವುದು ಅವಳಿಗೆ ಹೊಸದಲ್ಲ. ನಮ್ಮ ಬಸದಿಯಲ್ಲಿ ಬೆಳಿಗ್ಗೆ ಸ್ವಾಧ್ಯಾಯ ನಡೆಯುತ್ತದೆ. ಒಬ್ಬರು ಧರ್ಮಗ್ರಂಥ ಓದುವುದು, ಉಳಿದವರು ಕೇಳುವುದು. ಕುಸುಮಳ ದನಿ ಚೆನ್ನಾಗಿದೆ ಅಂತ ಹೆಚ್ಚಾಗಿ ಅವಳೇ ಓದುತ್ತಾಳೆ. ಪ್ರತಿ ಸಾಲನ್ನು ರಾಗವಾಗಿ ಎಳೆದು, ಕೊನೆಗೆ ಒಂದು ಉಸಿರು ನಿಂತು, ಮುಂದಿನ ಸಾಲು. ಅದೇ ರಾಗದಲ್ಲಿ ಅವಳು ಅರ್ಥಶಾಸ್ತ್ರ ಓದಿದಳು. ಬೇಡಿಕೆ ಮತ್ತು ಪೂರೈಕೆ ತೀರ್ಥಂಕರರ ಕತೆಯ ಹಾಗೆ ಕೇಳುತ್ತಿತ್ತು. ಹಾಲು ಹಿಂಡಿ, ಅಡುಗೆ ಮಾಡಿ, ಪಾತ್ರೆ ತೊಳೆದು ಬಂದವಳು ಎರಡನೇ ಪುಟಕ್ಕೆ ತೂಕಡಿಸುತ್ತಿದ್ದಳು. ರೆಕಾರ್ಡ್ ಮಾಡಿದರೆ ಸಾಲಿಗಿಂತ ತೂಕಡಿಕೆಯೇ ಹೆಚ್ಚು ಬರುತ್ತಿತ್ತು. ಅವಳು ಕಲಿತದ್ದು ಏಳನೆಯ ತನಕ. ಮರಾಠಿಯ ನಡುವೆ ಇಂಗ್ಲಿಷ್ ಶಬ್ದ ಬಂದರೆ ಅದನ್ನು ದಾಟಿ ಹೋಗುತ್ತಿದ್ದಳು, ಪರೀಕ್ಷೆಯಲ್ಲಿ ಕೇಳುವುದು ಅದನ್ನೇ.

ತ್ರಿಶಲಾ ಒಮ್ಮೆ ನನಗೆ ಫೋನಿನಲ್ಲಿ ಹೇಳಿದಳು. “ಅವ್ವ ಭಾಳ ಓದತಾಳ ಅತ್ಯಾ. ಆದರ ನಂಗ ಒಂದು ಸಾಲ ಹತ್ತು ಸಲ ಕೇಳಬೇಕಾಗತೈತಿ. ಆಕೀಗೆ ಹತ್ತು ಸಲ ಹೆಂಗ ಹೇಳ್ಲಿ?”

ಅತ್ಯಾ ಎಂದರೆ ನಾನು, ಅಪ್ಪನ ಅಕ್ಕ. ಗಡಿಯ ಈಚೆ ಸೋದರತ್ತೆಯನ್ನು ಹಾಗೆಯೇ ಕರೆಯುವುದು. ಮರುದಿನವೇ ಕಾಲೇಜಿಗೆ ಹೋದೆ.

ಪಾಠ ಬರೆದ ಸರ್ ಒಳ್ಳೆಯವರು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಇತಿಹಾಸವನ್ನು ಚೆನ್ನಾಗಿ ಬರೆದಿದ್ದಾರೆ, ರಜೆಯಲ್ಲಿ ಕೂತು ಕೈಯಲ್ಲಿ ಬರೆದಿದ್ದಾರೆ. ಟೈಪ್ ಮಾಡುವುದು ಅವರಿಗೆ ಬಾರದು. ಹಾಗಾಗಿ ಕಾಗದಗಳನ್ನು ಸಾಹೇಬರ ಆಫೀಸಿಗೆ ಕೊಟ್ಟರು. ಸಾಹೇಬರ ಆಫೀಸಿಗೆ ‘ಡಿಸೈನ್’ ಎಂದರೆ ಒಂದೇ ವಿಳಾಸ ಗೊತ್ತು: ಇಚಲಕರಂಜಿಯಲ್ಲಿ ಅವರ ವಾಢದಿವಸದ ಬ್ಯಾನರುಗಳನ್ನು ಮಾಡುವ ಫ್ಲೆಕ್ಸ್ ಅಂಗಡಿ. ನಿಮಗೆ ಇದು ತಮಾಷೆ ಅನ್ನಿಸಬಹುದು. ನಮ್ಮ ಕಡೆಯವರಿಗೆ ಅನ್ನಿಸುವುದಿಲ್ಲ. ಮದುವೆ ಕಾರ್ಡು, ಅಂಗಡಿಯ ಬೋರ್ಡು, ಚುನಾವಣೆಯ ಪ್ರಚಾರ ಎಲ್ಲ ಅಲ್ಲೇ ಆಗುವಾಗ ಪಾಠ ಯಾಕೆ ಆಗಬಾರದು?

ಸರ್‌ಗೆ ತ್ರಿಶಲಾಳ ಫೋನಿನಲ್ಲಿ ಪಾಠ ಹಚ್ಚಿ ತೋರಿಸಿದೆ. ಪೇಜ್ ಒನ್, ಪೇಜ್ ಟೂ. ಅವರ ಮುಖ ಸಣ್ಣದಾಯಿತು. ನಿಜವಾಗಿ ನೊಂದರು. ಮತ್ತೆ ಮಾಡಿಸಬಹುದಲ್ಲ ಸರ್, ಬರೀ ಟೈಪ್ ಮಾಡಿದ ಫೈಲ್ ಸಾಕು, ಹೂಬಳ್ಳಿ ಬೇಡ ಅಂದೆ. ಅವರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಮರಾಠಿಯಲ್ಲಿ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

“ಉದ್ಘಾಟನ ಝಾಲಂಯ್ ನಾ ಮ್ಯಾಡಮ್. ಆತಾ ಪುನ್ಹಾ ಕಸಂ ಕರಾಯಚಂ?”

ಉದ್ಘಾಟನೆ ಆಗಿಹೋಗಿದೆಯಲ್ಲ ಮ್ಯಾಡಮ್, ಈಗ ಮತ್ತೆ ಹೇಗೆ ಮಾಡುವುದು? ನೋಡಿ, ಎಂಥ ಮಾತು! ರಸ್ತೆ ಕುಸಿದರೂ ಉದ್ಘಾಟನೆ ಆಗಿದೆ, ನಲ್ಲಿಯಲ್ಲಿ ನೀರು ಬಾರದಿದ್ದರೂ ಉದ್ಘಾಟನೆ ಆಗಿದೆ. ಮತ್ತೆ ಮಾಡಿದರೆ ಮೊದಲು ಮಾಡಿದ್ದು ಆಗಿರಲಿಲ್ಲ ಅಂತ ಒಪ್ಪಿಕೊಂಡ ಹಾಗೆ. ಅದನ್ನು ಸಾಹೇಬರಿಗೆ ಯಾರು ಹೇಳಬೇಕು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಸರ್‌ಗೆ ಇನ್ನೂ ನೌಕರಿ ಕಾಯಂ ಆಗಿರಲಿಲ್ಲ. ನಾನು ಹೆಚ್ಚು ಒತ್ತಾಯಿಸಲಿಲ್ಲ. ವಾಚನ ತಾಸನ್ನಾದರೂ ತಿರುಗಿ ಕೊಡಿ ಅಂದೆ. ಅದಕ್ಕೂ ಅದೇ ಉತ್ತರ. ಡಿಜಿಟಲ್ ಇದ್ದೂ ಓದುವವಳು ಬೇಕು ಅಂದರೆ ಡಿಜಿಟಲ್ ಯಾಕೆ ಅಂತ ಮೇಲಿನವರು ಕೇಳುತ್ತಾರಂತೆ. (ಮೇಲಿನವರಿಗೆ ಒಮ್ಮೊಮ್ಮೆ ಸರಿಯಾದ ಪ್ರಶ್ನೆಯೇ ಹೊಳೆಯುತ್ತದೆ!)

ಕೈಬರಹದ ಕಾಗದಗಳಾದರೂ ಇವೆಯೇ ಅಂದರೆ, ಅಂಗಡಿಯಿಂದ ವಾಪಸ್ ಬಂದಿಲ್ಲ ಅಂದರು. ಸರಿ, ಇಚಲಕರಂಜಿಗೆ ಹೋದೆ.

ಮಗ್ಗಗಳ ಖಟಖಟದ ನಡುವಿನ ಗಲ್ಲಿಯಲ್ಲಿ ಆ ಅಂಗಡಿ. ಒಂದು ಯಂತ್ರದಿಂದ ಯಾರದೋ ಮುಖ ಇಂಚಿಂಚಾಗಿ ಹೊರಬರುತ್ತಿತ್ತು. ಮಾಲೀಕನಿಗೆ ಚಹಾ ತರಿಸುವ ಸೌಜನ್ಯವಿತ್ತು, ಕೂತು ಮಾತಾಡುವ ಪುರಸೊತ್ತು ಇರಲಿಲ್ಲ. ಕಾಗದಗಳು ಯಾವಾಗಲೋ ರದ್ದಿಗೆ ಹೋಗಿದ್ದವು. ಟೈಪ್ ಮಾಡಿದ ಫೈಲ್ ಕೊಡಿ ಅಂದೆ. ಕಂಪ್ಯೂಟರ್ ತೆರೆದು ತೋರಿಸಿದ. ಬ್ಯಾನರ್ ಮಾಡುವವರಿಗೆ ಒಂದು ರೂಢಿ ಇದೆಯಂತೆ. ಟೈಪ್ ಮಾಡಿದ ಕೂಡಲೇ ಅಕ್ಷರಗಳನ್ನೆಲ್ಲ ‘ಕರ್ವ್’ ಮಾಡಿಬಿಡುತ್ತಾರೆ, ಅಂದರೆ ಗೆರೆಚಿತ್ರವಾಗಿ ಬದಲಿಸುತ್ತಾರೆ. ಇಲ್ಲವಾದರೆ ಪ್ರಿಂಟ್ ಯಂತ್ರದಲ್ಲಿ ಒತ್ತಕ್ಷರಗಳು ಒಡೆಯುತ್ತವೆ, ಸಾಹೇಬರ ಹೆಸರೇ ಕೆಟ್ಟುಹೋಗುತ್ತದೆ. ನಿತ್ಯದ ಕೈರೂಢಿಯಲ್ಲಿ ಪಾಠಗಳನ್ನೂ ಕರ್ವ್ ಮಾಡಿ, ಹಾಗೆಯೇ ಸೇವ್ ಮಾಡಿದ್ದ.

“ಅಕ್ಷರಂ ನಾಹೀತ್ ತಾಈ ತ್ಯಾತ,” ಅಂದ. “ನುಸ್ತ್ಯಾ ರೇಷಾ ಆಹೇತ್.”

ಅದರಲ್ಲಿ ಅಕ್ಷರಗಳಿಲ್ಲ ಅಕ್ಕಾ, ಬರೀ ಗೆರೆಗಳಿವೆ.

ಇಡೀ ಸೆಮಿಸ್ಟರಿನ ಇತಿಹಾಸ, ಇಡೀ ಸೆಮಿಸ್ಟರಿನ ಅರ್ಥಶಾಸ್ತ್ರ, ಬರೀ ಗೆರೆ. ಫ್ಲೆಕ್ಸ್ ನೋಡುವವರಿಗೆ ಅಷ್ಟು ಸಾಕು. ಅವನು ಮಾಡಿದ್ದೂ ನೋಡುವವರಿಗೇ. ಕುರುಡು ಹುಡುಗಿಗೆ ಅಂತ ನನಗೆ ಯಾರೂ ಹೇಳಲಿಲ್ಲ ಅಂದ. ಹೇಳಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದೆ. ಯೋಚಿಸಿ, ಇನ್ನೂ ದೊಡ್ಡಕ್ಷರ ಹಾಕುತ್ತಿದ್ದೆ ಅಂದ.

ಮನೆಗೆ ಬಂದು ನಾನೇ ಟೈಪ್ ಮಾಡತೊಡಗಿದೆ. ನಮ್ಮದು ಗುಳದ, ಅಂದರೆ ಬೆಲ್ಲದ, ಅಡತಿ ವ್ಯಾಪಾರದ ಮನೆ. ಸುಗ್ಗಿಯಲ್ಲಿ ಊಟಕ್ಕೆ ಯಾರು ಬರುತ್ತಾರೆ, ಎಷ್ಟು ಜನ ಬರುತ್ತಾರೆ ಗೊತ್ತಿರುವುದಿಲ್ಲ. ಆದರೂ ಇತಿಹಾಸದ ಮೊದಲ ಅಧ್ಯಾಯ ಮುಗಿಸಿದೆ. ನಕಾಶೆ ಇದ್ದಲ್ಲಿ, ಯಾವ ನದಿ ಎಲ್ಲಿಂದ ಎಲ್ಲಿಗೆ, ಯಾರ ರಾಜ್ಯ ಯಾವ ದಿಕ್ಕಿಗೆ ಅಂತ ಮಾತಿನಲ್ಲಿ ಬರೆದೆ. ಕಳಿಸಿದೆ.

ಅರ್ಧ ತಾಸಿಗೆ ಫೋನ್ ಬಂತು. ತ್ರಿಶಲಾ ತನ್ನ ಫೋನಿನ ಓದನ್ನು ಕುಸುಮಳ ಫೋನಿಗೆ ಹಿಡಿದು ನನಗೆ ಕೇಳಿಸಿದಳು. ಚಿಟಿಚಿಟಿ ಓಡುತ್ತಿತ್ತು. ನಿಲ್ಲಿಸಿದಳು, ಹಿಂದೆ ಹೋದಳು, ಅದೇ ಸಾಲು ಮತ್ತೆ ಕೇಳಿದಳು. ಮತ್ತೆ ಹಿಂದೆ ಹೋದಳು. ಯಾರಿಗೂ ತೊಂದರೆ ಕೊಡದೆ, ಯಾರ ನಿದ್ದೆ ಕೆಡಿಸದೆ, ತನಗೆ ಬೇಕಾದಷ್ಟು ಸಲ. ಹುಡುಗಿ ನಗುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತೆ.

ಒಂದು ಅಧ್ಯಾಯಕ್ಕೆ ಇಷ್ಟು. ಪುಸ್ತಕದ ತುಂಬ ಅಧ್ಯಾಯಗಳಿದ್ದವು, ಅಂಥ ಪುಸ್ತಕಗಳು ಹಲವಿದ್ದವು. ಪರೀಕ್ಷೆ ಎದುರಿಗಿತ್ತು. ಒಬ್ಬ ಅತ್ಯಾ ಸಂಜೆ ಹೊತ್ತು ಕುಟ್ಟಿ ಮುಗಿಸುವ ಕೆಲಸ ಅದಲ್ಲ. ಆಗಬಾರದು ಕೂಡ. ಇದೇನು ಬಸದಿಗೆ ತುಪ್ಪ ಕೊಟ್ಟ ಹಾಗೆ ಪುಣ್ಯದ ಕೆಲಸವೇ? ಫೀ ತುಂಬಿದ ವಿದ್ಯಾರ್ಥಿಗೆ ಓದಲು ಬರುವ ಪಾಠ ಕೊಡುವುದು ಕಾಲೇಜಿನ ಕೆಲಸ. ಬಾಗಿಲಿಲ್ಲದ ಕ್ಲಾಸ್‌ರೂಮ್ ಕಟ್ಟಿ, ಒಳಗೆ ಬಾ ಅಂದರೆ ಹೇಗೆ?

ತ್ರಿಶಲಾಳಿಗೆ ಮಾತ್ರವೇ ಈ ಕಷ್ಟ ಅಂದುಕೊಳ್ಳಬೇಡಿ. ಚಂದಗಡದ ಗುಡ್ಡದ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗರಿಗೆ ಆ ಫೈಲುಗಳು ಇಳಿಯಲೇ ಇಲ್ಲವಂತೆ. ಫೋಟೋಗಳ ಭಾರ ಅಷ್ಟು, ಗುಡ್ಡದಲ್ಲಿ ನೆಟ್‌ವರ್ಕ್ ಇಷ್ಟೇ. ಮನೆಯಲ್ಲಿ ಕನ್ನಡ ಆಡಿ, ಮರಾಠಿಯಲ್ಲಿ ಕಲಿಯುವ ಕುರುಬರ ಮಕ್ಕಳಿದ್ದಾರೆ. ಗೊತ್ತಿಲ್ಲದ ಶಬ್ದದ ಮೇಲೆ ಬೆರಳು ಒತ್ತಿ ಅರ್ಥ ಹುಡುಕೋಣವೆಂದರೆ ಗೆರೆಗೆ ಏನು ಅರ್ಥ? ಬರೀ ಟೈಪ್ ಮಾಡಿ ಕಳಿಸಿದ್ದರೆ ಇವರೆಲ್ಲರಿಗೂ ಸಾಕಾಗುತ್ತಿತ್ತು. ಆದರೆ ಬರೀ ಟೈಪ್ ಮಾಡಿದ್ದರಲ್ಲಿ ಮೀಸೆ ಕಾಣುವುದಿಲ್ಲ.

ಪರೀಕ್ಷೆ ಬಂತು. ಬರೆಯುವ ಹುಡುಗಿಯನ್ನು ಕಾಲೇಜು ತಪ್ಪದೆ ಕೊಟ್ಟಿತು, ನಿಯಮವಿದೆ. ತ್ರಿಶಲಾ ಹೇಳಿದರೆ ಅವಳು ಬರೆಯಬೇಕು. ಎಷ್ಟೋ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದರಂತೆ. ಮೊದಲ ಅಧ್ಯಾಯದ ಪ್ರಶ್ನೆಗೆ ಮಾತ್ರ ತ್ರಿಶಲಾ ನಿಲ್ಲದೆ ಹೇಳಿದಳಂತೆ.

ಇತಿಹಾಸ ಹೋಯಿತು. ಅರ್ಥಶಾಸ್ತ್ರ ಹೋಯಿತು.

ಭರತೇಶ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಕರಾರು ಕರಾರೇ ಅಂದ. ನಾನು ಕೊಲ್ಹಾಪುರದಿಂದ ಓಡಿ ಹೋಗಿ, ಇದರಲ್ಲಿ ಹುಡುಗಿಯ ತಪ್ಪೇನೂ ಇಲ್ಲ, ಆ ಪಾಠಗಳು ಓದಲು ಬರುವಂಥವೇ ಅಲ್ಲ ಅಂತ ಮತ್ತೆ ಮತ್ತೆ ಹೇಳಿದೆ. ಅವನು ಕೇಳಿಸಿಕೊಂಡ. ಅರ್ಥವೂ ಆಯಿತು, ಅದು ಅವನ ಕಣ್ಣಲ್ಲೇ ಗೊತ್ತಾಗುತ್ತಿತ್ತು.

“ನಿಂಗ ಗೊತ್ತೈತಿ, ನಂಗ ಗೊತ್ತೈತಿ ಅಕ್ಕಾ,” ಅಂದ. “ಊರಿಗೆ ಏನ ಗೊತ್ತೈತಿ? ಸ್ಟ್ಯಾಂಡಿನ್ಯಾಗ ಎಲ್ಲಾರೂ ನೋಡ್ಯಾರ. ಇಷ್ಟೆಲ್ಲಾ ಕೊಟ್ರೂ ಫೇಲ್ ಆದ್ಳು ಅಂತಾರ. ಮತ್ತ ಕಳಿಸಿ ಮತ್ತ ಅನ್ನಿಸ್ಲೇನು?”

ಕಣ್ಣಿಲ್ಲದವಳು ಫೇಲಾದರೆ ಜನ ಅಯ್ಯೋ ಪಾಪ ಅನ್ನುತ್ತಿದ್ದರು. ಈಗ ಪಾಪವೂ ಇಲ್ಲ. ಎಲ್ಲ ಕೊಟ್ಟಿದ್ದಾರೆ, ಫ್ಲೆಕ್ಸೇ ಸಾಕ್ಷಿ. ಆ ಒಂದು ಬ್ಯಾನರಿನಲ್ಲಿ ಸಂಸ್ಥೆಯ ತಪ್ಪೆಲ್ಲ ಅಳಿಸಿ ಹುಡುಗಿಯ ತಲೆಗೆ ಬಂತು. ಫೇಟಾದ ಜೊತೆಗೆ.

ಆ ಫ್ಲೆಕ್ಸ್ ಮನೆಗೆ ಬಂದದ್ದು ಹೀಗೆ: ಸ್ಟ್ಯಾಂಡಿನಿಂದ ಇಳಿಸಿದಾಗ ಕಾಲೇಜಿನ ಸಿಪಾಯಿ, ನಿಮ್ಮ ಹುಡುಗಿಯ ಫೋಟೋ ಇದೆ ಅಂತ ಭರತೇಶನಿಗೆ ಕೊಟ್ಟಿದ್ದ. ಭರತೇಶ ಅದನ್ನು ಮಡಚಿದರೆ ಗೆರೆ ಬೀಳುತ್ತದೆಂದು ಸುರುಳಿ ಸುತ್ತಿ, ಧೂಳು ಹತ್ತದ ಹಾಗೆ ಹಳೆ ಧೋತರದಲ್ಲಿ ಕಟ್ಟಿ, ಅಟ್ಟದ ಮೇಲೆ ಇಟ್ಟಿದ್ದ. ರಿಸಲ್ಟ್ ಬಂದು, ಮಳೆಯೂ ಬಂದಾಗ ತಾನೇ ಇಳಿಸಿದ.

ಕಳೆದ ವಾರ ನಾನು ಬಣವಿಯನ್ನೇ ನೋಡುತ್ತ ನಿಂತದ್ದನ್ನು ಕಂಡು ಕುಸುಮ ಹೊರಗೆ ಬಂದಳು. ಅವಳಿಗೆ ಸಂಕೋಚವಾಯಿತು. “ತಾಡಪತ್ರಿ ಹರದಿತ್ರಿ ಅಕ್ಕಾರ,” ಅಂದಳು. “ಇದ ಮನ್ಯಾಗ ಇತ್ತು, ಹಾಕೇವಿ. ನೀರ ಒಟ್ಟ ಇಳಿಯೂದಿಲ್ಲ.”

ಒಳಗೆ ತ್ರಿಶಲಾ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನನ್ನ ಹೆಜ್ಜೆಗೆ ತಲೆ ಎತ್ತಿದಳು. ಮೊದಲಾಗಿದ್ದರೆ ಅಂಕಣದ ತಪ್ಪು ಹೇಳುತ್ತಿದ್ದಳು. ಇತ್ತೀಚೆಗೆ ಓದುತ್ತಿಲ್ಲ ಅಂದಳು. ಫೋನ್ ದೇವರ ಗೂಡಿನ ಪಕ್ಕ ಇತ್ತು, ಅವ್ವ ಅದರಲ್ಲಿ ಭಜನೆ ಹಚ್ಚುತ್ತಾಳಂತೆ. ಹೊರಗಿನಿಂದ ಪರೀಕ್ಷೆ ಕಟ್ಟೋಣ, ನಾನು ಟೈಪ್ ಮಾಡುತ್ತೇನೆ, ನಾಲ್ಕು ಜನರನ್ನು ಕೂಡಿಸುತ್ತೇನೆ ಅಂದೆ. ಅಪ್ಪನ ಮನಸ್ಸು ಹೇಗಿದೆಯೋ ನೋಡೋಣ ಅಂದಳು. ಅವಳ ದನಿಯಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಇರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಇನ್ನೊಂದು ಶೇಂಗಾ ಸುಲಿದು ಅವಳೇ ಕೇಳಿದಳು. “ಬಣವಿ ಮ್ಯಾಲ ನಾ ಹೆಂಗ ಕಾಣಾಕತ್ತೇನಿ ಅತ್ಯಾ?”

ಚೆಂದ ಕಾಣುತ್ತಿದ್ದೀಯ ಅಂದೆ. ಮತ್ತೇನು ಹೇಳಲಿ?

ಓದುಗರೇ, ಒಂದು ಕೆಲಸ ಮಾಡಿ. ನಿಮ್ಮ ಮಕ್ಕಳ ಶಾಲೆಯಿಂದಲೋ ಕಾಲೇಜಿನಿಂದಲೋ ವಾಟ್ಸಾಪಿಗೆ ಬಂದ ಪಾಠ ಒಂದನ್ನು ತೆರೆಯಿರಿ. ಯಾವುದಾದರೂ ಒಂದು ಶಬ್ದದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಆ ಶಬ್ದ ಬಣ್ಣ ಬದಲಿಸಿ ಬೆರಳಿಗೆ ಸಿಕ್ಕಿತೇ? ಸಿಗದಿದ್ದರೆ ಅದು ಪಾಠವಲ್ಲ, ಫೋಟೋ. ನಿಮ್ಮ ಮಗುವಿಗೆ ಕಣ್ಣಿದೆ, ನಡೆದುಹೋಗುತ್ತದೆ. ಅದೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಯಾರಿದ್ದಾರೆ ಅಂತ ಒಮ್ಮೆ ಕೇಳಿ ನೋಡಿ.

ಇದನ್ನು ಬರೆಯುತ್ತಿರುವಾಗಲೇ ಭರತೇಶನ ಫೋನ್ ಬಂದಿತ್ತು. ಸಾಹೇಬರ ವಾಢದಿವಸ ಮತ್ತೆ ಹತ್ತಿರ ಬಂತು. ಈ ಸಲ ಡಿಜಿಟಲ್ ಪಾಠದ ಎರಡನೇ ಭಾಗವಂತೆ. ತ್ರಿಶಲಾ ಕಾಲೇಜು ಬಿಟ್ಟಿದ್ದು ಕಾಲೇಜಿನ ಆಫೀಸಿಗೆ ಗೊತ್ತಿದೆ, ಆದರೂ ಪರವಾಗಿಲ್ಲವಂತೆ, ಅವಳ ಒಂದು ಫೋಟೋ ಸಿಕ್ಕರೆ ಸಾಕಂತೆ.

ನೀವೇ ಹೇಳಿ, ಬಣವಿಯ ಮೇಲಿನದರ ಫೋಟೋವನ್ನೇ ತೆಗೆದು ಕಳಿಸಲೇ?